ಪುಟ್ಟಯ್ಯ ಮೊಲಕ್ಕೆ ಪೆಟ್ಟಿಗೆ ಕಲಿಸಿದ್ದು

ಕೈ ನಿಲ್ಲಿಸಬೇಡಿ ಕಣ್ರಮ್ಮ. ಲಟ್ಟಣಿಗೆ ಆಡ್ತಾ ಇರ್ಲಿ, ಕಿವಿ ಮಾತ್ರ ಇತ್ತ ಕೊಡಿ. ಹಪ್ಪಳದ ಮನೇಲಿ ಒಂದು ಸಲ ಕುಟ್ಟಿದ ಹಿಟ್ಟಿಗೆ ಒಂದು ಕತೆ. ಹಿಟ್ಟಿಗಿಂತ ಮುಂಚೆ ಕತೆ ಮುಗೀಬಾರ್ದು, ಕತೆ ಮುಗಿದ ಮೇಲೆ ಹಿಟ್ಟು ಉಳೀಬಾರ್ದು. ಇವತ್ತು ಪುಟ್ಟಯ್ಯನ ಕತೆ ಹೇಳ್ತೀನಿ. ನಗ್ರಿ, ಬೇಡ ಅನ್ನಲ್ಲ. ಆದರೆ ಅವನನ್ನ ಪೆದ್ದ ಅಂತ ನೀವ್ಯಾರೂ ಅನ್ನಬೇಡಿ. ಅನ್ನೋದಿದ್ರೆ ನಾನೇ ಅಂತೀನಿ, ಅವನನ್ನ ಸೊಂಟದ ಮೇಲೆ ಎತ್ತಿ ಆಡಿಸಿದವಳು ನಾನು.

ನಮ್ಮ ಕೋಟೆ ಬೀದಿ ಹೊನ್ನಮ್ಮ ಗೊತ್ತಲ್ಲ, ಮೆಣಸಿನ ಹಪ್ಪಳದ ಹೊನ್ನಮ್ಮ, ಅವಳಿಗೆ ಒಬ್ಬನೇ ಮಗ ಈ ಪುಟ್ಟಯ್ಯ. ಹೆಸರಿಗೆ ಪುಟ್ಟಯ್ಯ, ಆಳು ಆರಡಿ. ತೋಳು ಒನಕೆ. ಹಿಟ್ಟು ಕುಟ್ಟೋಕೆ ನಿಂತರೆ ಮೂರಾಳಿನ ಕೆಲಸ ಒಬ್ಬನೇ ಮಾಡೋನು. ಆದರೆ ತಲೆ ಒಂದು ಥರ. ಏನು ಹೇಳಿದ್ರೋ ಅದನ್ನ ಮಾಡೋನು. ಹೇಳಿದ್ದೊಂದನ್ನೂ ಬಿಡಲ್ಲ, ಹೇಳದ್ದೊಂದನ್ನೂ ಮಾಡಲ್ಲ. ಹೊನ್ನಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಕೊಳ್ಳೋಳು. "ಅಯ್ಯೋ ನನ್ನ ಕರ್ಮವೇ, ನಾನು ಕಣ್ಣು ಮುಚ್ಚಿದ್ರೆ ಇವನನ್ನ ಯಾರಪ್ಪ ನೋಡ್ಕೋತಾರೆ" ಅನ್ನೋಳು. ಅವನು ಪಕ್ಕದಲ್ಲೇ ನಿಂತು, "ನೀನು ಕಣ್ಣು ಮುಚ್ಚಬೇಡ ಅವ್ವ" ಅನ್ನೋನು.

ಒಂದು ವರ್ಷ ಮನೇಲಿ ಇಲಿ ಕಾಟ ಹೆಚ್ಚಾಯ್ತು. ಒಣಗಿಸಿದ ಹಪ್ಪಳದ ಅಂಚೆಲ್ಲ ಕಚ್ಚಿ ಹಾಕೋವು. ಮಂಗಳವಾರ ಸಂತೆ ದಿನ ಹೊನ್ನಮ್ಮ ಮಗನನ್ನ ಕರೆದು ಹೇಳಿದ್ಲು: "ಸಂತೆಯಿಂದ ಒಂದು ಮರಿ ತಂದುಬಿಡು ಕಣೋ. ಬೆಳ್ಳಗಿರ್ಬೇಕು, ಮೆತ್ತಗಿರ್ಬೇಕು, ಒಳ್ಳೆ ಮೀಸೆ ಇರ್ಬೇಕು. ಹಾಲಿಗೆ ಮಾತ್ರ ಬಾಯಿ ಹಾಕಬಾರ್ದು, ಕೇಳಿ ತಗೊ." ಬೆಕ್ಕು ಅನ್ನೋ ಮಾತೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ಲು. "ಹೂಂ ಅವ್ವ, ಹಂಗೇ ಮಾಡ್ತೀನಿ" ಅಂತ ಪುಟ್ಟಯ್ಯ ಹೊರಟ.

ಬೆಕ್ಕಿನ ಮರಿ ಮಾರೋನ ಹತ್ರ ಹೋಗಿ, "ಇದು ಹಾಲಿಗೆ ಬಾಯಿ ಹಾಕುತ್ತಾ" ಅಂತ ಕೇಳಿದ. ಅವನು ನಕ್ಕು, "ಹಾಕದೆ ಬಿಡುತ್ತೇನಪ್ಪ" ಅಂದ. ಪುಟ್ಟಯ್ಯ ಮುಂದಕ್ಕೆ ಹೋದ. ಮೊಲ ಮಾರೋನ ಹತ್ರ ನಿಂತು ಕೇಳಿದ. ಅವನು, "ಹಾಲು ಮೂಸಿ ಕೂಡ ನೋಡಲ್ಲ, ಹುಲ್ಲಾದ್ರೆ ಎಷ್ಟು ಬೇಕಾದ್ರೂ ತಿನ್ನುತ್ತೆ" ಅಂದ. ಬೆಳ್ಳಗಿತ್ತು. ಮೆತ್ತಗಿತ್ತು. ಮೀಸೆಯಂತೂ ಭರ್ಜರಿಯಾಗಿತ್ತು. ನೀವೇ ಹೇಳಿ, ತಪ್ಪೆಲ್ಲಿದೆ? ಅವನು ಅದನ್ನ ಎದೆಗೆ ಅವುಚ್ಕೊಂಡು ಮನೆಗೆ ಬಂದ.

"ಇದೇನೋ ಇದು?"

"ಮರಿ ಅವ್ವ. ಕೇಳಿಯೇ ತಗೊಂಡೆ, ಹಾಲು ಮುಟ್ಟಲ್ವಂತೆ."

ಹೊನ್ನಮ್ಮ ಬಾಗಿಲಲ್ಲೇ ಕುಸಿದು ಕೂತ್ಲು. ಆಮೇಲೆ ಮಗನ ಮುಖ ನೋಡಿದ್ಲು. ಅವನ ಕಣ್ಣು ಆ ಮೊಲದ ಮೇಲಿಂದ ಕದಲ್ತಾನೇ ಇರಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಅಂತ ಒಂದು ಜೊತೆ ಇರಲಿಲ್ಲ ಕಣ್ರಮ್ಮ, ಓರಗೆಯವರೆಲ್ಲ ಆಡ್ಕೊಂಡು ನಗೋರು. ಇರಲಿ ಅಂತ ಸುಮ್ಮನಾದ್ಲು. ಪುಟ್ಟಯ್ಯ ಅದಕ್ಕೆ ಅಮಲ್ದಾರ ಅಂತ ಹೆಸರಿಟ್ಟ. ಯಾಕಪ್ಪ ಅಂದ್ರೆ, ಕಿವಿ ನೆಟ್ಟಗೆ ಮಾಡ್ಕೊಂಡು ಕೂತಲ್ಲೇ ಎಲ್ಲರನ್ನೂ ವಿಚಾರಿಸ್ಕೊಳ್ಳೋ ಹಾಗೆ ನೋಡುತ್ತೆ ಅಂದ.

ಮಾರನೇ ದಿನ ಬುಧವಾರ. ಅವಳ ಮನೇಲಿ ಲಟ್ಟಿಸೋಕೆ ಹೋಗ್ತಿದ್ದ ನಾವೆಲ್ಲ ಜಗಲಿ ತುಂಬ ಬಿಳಿ ಪಂಚೆ ಹಾಸಿ ಹಪ್ಪಳ ಒಣಹಾಕಿದ್ವಿ. ಸಂಜೆ ಹೊನ್ನಮ್ಮ ಬಗ್ಗಿ ನೋಡ್ತಾಳೆ, ಒಂದು ಕಡೆ ಮೆಣಸು ಜಾಸ್ತಿ ಬಿದ್ದ ಹಾಗಿದೆ. ಒಂದು ಕಾಳು ಎತ್ತಿ ಬೆರಳಲ್ಲಿ ಹಿಚುಕಿದ್ಲು. ಮೆಣಸಲ್ಲ, ಮೊಲದ ಹಿಕ್ಕೆ. ಅವಳ ಮುಖ ನೋಡಬೇಕಿತ್ತು ನೀವು.

ಈ ಹೊತ್ತಲ್ಲಿ ಒಂದು ವಿಷಯ ಹೇಳಬೇಕು. ಅಡುಗೆ ಶೇಷಪ್ಪನೋರು ಅಂತ, ಮದುವೆ ಅಡುಗೆ ಮಾಡಿಸೋ ದೊಡ್ಡ ಮೇಸ್ತ್ರಿ. ಹೊನ್ನಮ್ಮನ ಹಪ್ಪಳವೆಲ್ಲ ಹೋಗ್ತಿದ್ದಿದ್ದು ಅವರ ಪಂಕ್ತಿಗೇ. ಮುಂದಿನ ಮಂಗಳವಾರ ಬೆಳಿಗ್ಗೆ ಅವರು ಬಂದು ನೋಡ್ಕೊಂಡು ಹೋಗೋರಿದ್ರು. ಶುಚಿ ಅಂದ್ರೆ ಪ್ರಾಣ ಅವರಿಗೆ. ನೆಲಕ್ಕೆ ಬೆರಳು ತೀಡಿ ನೋಡೋ ಮನುಷ್ಯ.

"ಕೇಳು ಪುಟ್ಟಯ್ಯ" ಅಂದ್ಲು ಹೊನ್ನಮ್ಮ. "ಮಂಗಳವಾರ ಅವರು ಬರೋ ಹೊತ್ತಿಗೆ ಇದು ಒಂದೇ ಕಡೆ ಕೂತು ಮಾಡೋದು ಕಲೀಬೇಕು. ಒಂದೇ ಒಂದು ಹಿಕ್ಕೆ ಆಚೆ ಕಂಡ್ರೂ ಅವತ್ತೇ ಬುಟ್ಟಿಲಿ ಹಾಕ್ಕೊಂಡು ಸಂತೆಗೆ ಹೋಗ್ತೀನಿ. ತಗೊಳ್ಳೋರು ಸಾಕೋಕೆ ತಗೊಳ್ಳಲ್ಲ, ಸಾರಿಗೆ ತಗೋತಾರೆ. ಆಮೇಲೆ ನನ್ನ ಅನ್ನಬೇಡ. ಈಗ ಹೋಗು, ಪಂಚೆ ಮೇಲೆ ಕರೀ ಕಾಳು ಎಲ್ಲೆಲ್ಲಿ ಕಾಣುತ್ತೋ ಒಂದೂ ಬಿಡದಂಗೆ ಆರಿಸಿ ಬಿಸಾಕು."

ಪುಟ್ಟಯ್ಯ ಕೂತ. ಹಿಕ್ಕೆ ಆರಿಸಿದ. ಆಮೇಲೆ ಹಪ್ಪಳ ನೋಡಿದ. ಅದರಲ್ಲೂ ಕರೀ ಕಾಳು. ಒಂದೊಂದು ಹಪ್ಪಳ ಎತ್ತಿ ಉಗುರಲ್ಲಿ ಒಂದೊಂದು ಮೆಣಸಿನ ಚೂರೂ ಕಿತ್ತ. ದೀಪ ಹಚ್ಚೋ ಹೊತ್ತಿಗೆ ಅಷ್ಟೂ ಹಪ್ಪಳ ಜರಡಿ ಆಗಿತ್ತು. ಆದರೆ ಏನು ಕೆಲಸ ಅಂತೀರಿ, ಒಂದು ಚೂರು ಮೆಣಸು ಹುಡುಕಿದ್ರೂ ಸಿಕ್ಕಲಿಲ್ಲ ನಮಗೆ.

"ಅಯ್ಯೋ ನನ್ನ ಕರ್ಮವೇ" ಅಂದ್ಲು ಹೊನ್ನಮ್ಮ. "ನಿನಗೆ ತಿಳೀದೆ ಹೋದ್ರೆ ತಿಳಿದೋರನ್ನ ಕೇಳಬೇಕು ಕಣೋ."

"ಹೂಂ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಗುರುವಾರ ಬೆಳಿಗ್ಗೆ ತಿಳಿದೋರನ್ನ ಕೇಳೋಕೆ ಹೋದ. ದನದ ಆಸ್ಪತ್ರೇಲಿ ಕಾಂಪೌಂಡರಾಗಿದ್ದು ರಿಟೈರಾದ ಮರಿಸ್ವಾಮಪ್ಪನೋರು ನಮ್ಮ ಬೀದಿ ಕೊನೇಲೇ ಇದ್ರು. ಅವರು, "ಮೊಲ ಬಲು ಜಾಣ ಪ್ರಾಣಿ ಕಣಯ್ಯ, ಬೆಕ್ಕಿನ ಥರಾನೇ ಕಲಿಯುತ್ತೆ. ಅದು ಎಲ್ಲಿ ಹಿಕ್ಕೆ ಹಾಕುತ್ತೋ ನೋಡ್ಕೊ. ಅಲ್ಲಿ ಒಂದು ಅಗಲವಾದ ಪೆಟ್ಟಿಗೆನೋ ಪಾತ್ರೆನೋ ಇಡು" ಅಂದ್ರು. ಪುಟ್ಟಯ್ಯ ಕೈ ಮುಗಿದು ಬಂದ.

ಅಮಲ್ದಾರ ಒಲೆ ಹತ್ರ ಹಾಕ್ತು. ಅಲ್ಲಿ ಬಾಣಲೆ ಇಟ್ಟ. ಬಾಗಿಲ ಹತ್ರ ಹಾಕ್ತು. ಅಲ್ಲಿ ಹಿತ್ತಾಳೆ ತಟ್ಟೆ ಇಟ್ಟ. ಮಂಚದ ಕೆಳಗೆ ಹಾಕ್ತು, ಅಲ್ಲಿ ಇಡ್ಲಿ ಪಾತ್ರೆ. ಮೊಲ ದಿನಕ್ಕೆ ಎಷ್ಟು ಕಡೆ ಹಾಕುತ್ತೆ ಅಂತ ಸಾಕಿದೋರನ್ನ ಕೇಳಿ. ಹೊನ್ನಮ್ಮ ನೀರು ತಗೊಂಡು ಬರೋ ಹೊತ್ತಿಗೆ ಮನೇಲಿ ಕಾಲಿಡೋಕೆ ಜಾಗ ಇಲ್ಲ, ಅಡುಗೆ ಮಾಡೋಕೆ ಪಾತ್ರೆ ಇಲ್ಲ. ದೋಸೆ ಹೆಂಚು ಎಡವಿ, ಚರಿಗೆ ಮೇಲೆ ಬಿದ್ದು, ಗಂಗಾಳದಲ್ಲಿ ಕೂತ್ಕೊಂಡ್ಲು.

"ಎಲ್ಲ ಕಡೆ ಇಡ್ತಾರೇನೋ ಪೆದ್ದ ಮುಂಡೇದೆ? ಒಂದೇ ಒಂದು ಆಚೆ ಇಡು, ಮಿಕ್ಕಿದ್ದೆಲ್ಲ ತೊಳೆದು ಅಟ್ಟಕ್ಕೆ ಹಾಕು. ಎಷ್ಟೇ ಇರಲಿ, ಒಂದು ಸಾಕು."

"ಹೂಂ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮೂಲೇಲಿ ಹಣ್ಣಿನ ಅಂಗಡಿಯಿಂದ ತಂದ ಒಂದು ಮರದ ಪೆಟ್ಟಿಗೆ ಇಟ್ಟ. ಪಾತ್ರೆ ಎಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಅಟ್ಟಕ್ಕೆ ಹಾಕಿದ. ಅಷ್ಟೊಂದು ಫಳಫಳ ಅಂತ ಆ ಪಾತ್ರೆಗಳು ಹೊನ್ನಮ್ಮನ ಮದುವೇಲೂ ಇರಲಿಲ್ಲ, ಆ ಮಾತು ಬೇರೆ.

ಶುಕ್ರವಾರ ನಾವು ಏಳು ಜನ ಲಟ್ಟಿಸೋಕೆ ಹೋದ್ವಿ. "ಪುಟ್ಟಯ್ಯ, ಮಣೆ ಲಟ್ಟಣಿಗೆ ಆಚೆ ಇಡಪ್ಪ" ಅಂತ ಒಳಗಿಂದ ಹೊನ್ನಮ್ಮ ಕೂಗಿದ್ಲು. ಅವನು ಒಂದು ಮಣೆ, ಒಂದು ಲಟ್ಟಣಿಗೆ ಆಚೆ ಇಟ್ಟ. ಮಿಕ್ಕಿದ್ದೆಲ್ಲ ತೊಳೆದು ಅಟ್ಟಕ್ಕೆ ಹಾಕಿದ. ಏಳು ಜನ ಒಂದು ಮಣೆ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ.

"ಅಯ್ಯೋ ನನ್ನ ಕರ್ಮವೇ. ಬಂದೋರಿಗೆಲ್ಲ ಒಂದೊಂದು ಮಣೆ ಇಡಬೇಕು ಕಣೋ. ಯಾರೇ ಬರಲಿ, ಮುಂದೆ ಒಂದು ಮಣೆ ಇಡು, ಲಟ್ಟಣಿಗೆ ಇಡು, ಒಂದು ಉಂಡೆ ಹಿಟ್ಟು ಇಡು. ಬಾಯಿಬಿಟ್ಟು ಕೇಳೋ ಹಾಗಾಗಬಾರ್ದು."

"ಹೂಂ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಅವತ್ತೇ ಸಂಜೆ ಮೊಲ ಹೇಗಿದೆ ನೋಡೋಣ ಅಂತ ಕಾಂಪೌಂಡರು ಮರಿಸ್ವಾಮಪ್ಪನೋರು ಬಂದ್ರು. ಇಸ್ತ್ರಿ ಮಾಡಿದ ಜುಬ್ಬ, ಕನ್ನಡಕ. ಪುಟ್ಟಯ್ಯ ಅವರನ್ನ ಚಾಪೆ ಮೇಲೆ ಕೂರಿಸಿ ಮುಂದೆ ಒಂದು ಮಣೆ ಇಟ್ಟ. ಲಟ್ಟಣಿಗೆ ಇಟ್ಟ. ಒಂದು ಉಂಡೆ ಹಿಟ್ಟು ಇಟ್ಟ. ಇಟ್ಟು ಅವರ ಮುಖ ನೋಡ್ತಾ ಕೂತ. ಕಾಂಪೌಂಡರು ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು. ನಾವೆಲ್ಲ ಲಟ್ಟಿಸ್ತಾ ಇದ್ವಿ. ಪಾಪ, ಇದೇ ಈ ಮನೆ ಪದ್ಧತಿ ಇರಬೇಕು ಅನ್ಕೊಂಡು ಜುಬ್ಬದ ತೋಳು ಮಡಿಸಿ ಲಟ್ಟಿಸೋಕೆ ಶುರು ಮಾಡಿದ್ರು. ಒಂದು ಮುಗಿದ್ರೆ ಅವನು ಇನ್ನೊಂದು ಉಂಡೆ ಇಡೋನು. ಲಟ್ಟಿಸ್ತಾ ಲಟ್ಟಿಸ್ತಾ ಅವರು ಮೊಲದ ವಿದ್ಯೆ ಎಲ್ಲ ಹೇಳಿದ್ರು.

"ನೋಡಯ್ಯ, ಆ ಪೆಟ್ಟಿಗೆಗೆ ಹಳೇ ಪೇಪರ್ ಹಾಸು. ಅದರದ್ದೇ ಹಿಕ್ಕೆ ನಾಲ್ಕು ಅದರೊಳಗೆ ಹಾಕು, ವಾಸನೆ ಹಿಡಿದು ಇದೇ ಜಾಗ ಅಂತ ತಿಳ್ಕೊಳ್ಳುತ್ತೆ. ಹುಲ್ಲನ್ನೂ ಅಲ್ಲೇ ಇಡು, ಮೊಲ ಮೇಯ್ತಾ ಮೇಯ್ತಾ ಹಿಕ್ಕೆ ಹಾಕೋ ಪ್ರಾಣಿ. ಅದರ ಮೇಲಿಟ್ಟ ಕಣ್ಣು ತೆಗೀಬೇಡ. ಬಾಲ ಎತ್ತಿತು ಅಂದ್ರೆ ಹೊತ್ತು ಬಂತು ಅಂತ ಅರ್ಥ, ತಕ್ಷಣ ಎತ್ಕೊಂಡು ಹೋಗಿ ಪೆಟ್ಟಿಗೇಲಿ ಕೂರಿಸು. ಕೆಲಸ ಮುಗಿಸ್ಕೊಂಡು ಆಚೆ ಬಂದ ಕೂಡ್ಲೆ ಒಂದು ಚೂರು ಕ್ಯಾರೆಟ್ ಕೊಡು, ಬೆನ್ನು ಸವರು, 'ಶಹಬ್ಬಾಸ್, ಜಾಣ' ಅನ್ನು. ತಪ್ಪು ಮಾಡಿದ್ರೆ ಬೈಬೇಡ, ಹೊಡೀಬೇಡ. ಇಷ್ಟು ಮಾಡು. ಇಷ್ಟನ್ನ ಪೂರ್ತಿ ಮಾಡಿದೋರನ್ನ ನಾನು ನೋಡಿಲ್ಲ, ಎಲ್ಲರೂ ಎರಡನೇ ದಿನಕ್ಕೆ ಬೇಜಾರಾಗಿ ಬಿಟ್ಬಿಡ್ತಾರೆ."

ಹದಿನೆಂಟು ಹಪ್ಪಳ ಲಟ್ಟಿಸಿ ಸೊಂಟ ಹಿಡ್ಕೊಂಡು ಎದ್ದು ಹೋದ್ರು. ಹೊನ್ನಮ್ಮ ಅಡುಗೆ ಮನೆಯಿಂದ ಬಂದು ನೋಡಿ ತಲೆ ಮೇಲೆ ಕೈ ಹೊತ್ಕೊಂಡ್ಲು. ಆದರೆ ಕಾಂಪೌಂಡರು ಹೇಳಿ ಹೋದ ಆ ಮಾತು, ಎಲ್ಲರೂ ಬಿಟ್ಬಿಡ್ತಾರೆ ಅನ್ನೋದು, ಅದನ್ನ ನಾನು ಮರೀಲಿಲ್ಲ. ಯಾಕಂದ್ರೆ ಪುಟ್ಟಯ್ಯನಿಗೆ ಬಿಡೋದು ಯಾರೂ ಹೇಳ್ಕೊಟ್ಟಿರಲಿಲ್ಲ.

ಶನಿವಾರದಿಂದ ಶುರುವಾಯ್ತು. ಅಮಲ್ದಾರ ಕೂತರೆ ಪುಟ್ಟಯ್ಯ ಎದುರಿಗೆ ಕೂರೋನು. ಅದು ಕುಪ್ಪಳಿಸಿದ್ರೆ ಇವನು ಮಂಡಿ ಊರ್ಕೊಂಡು ಹಿಂದೆ ಹೋಗೋನು. ಊಟಕ್ಕೆ ಕೂತರೆ ತಟ್ಟೆ ನೋಡಲ್ಲ, ಮೊಲ ನೋಡೋನು. ಮುದ್ದೆ ಮುರಿದು ಸಾರಿಗೆ ಅದ್ದೋ ಬದಲು ನೀರಿನ ಚೊಂಬಿಗೆ ಅದ್ದಿ ನುಂಗೋನು. ಬಾಲ ಎತ್ತಿತೋ, ಹಾರಿ ಹೋಗಿ ಹಿಡ್ಕೊಂಡು ಪೆಟ್ಟಿಗೇಲಿ ಕೂರಿಸೋನು. ಮೊದಲ ದಿನ ಎತ್ಕೊಂಡು ಹೋಗೋ ದಾರೀಲೇ ಅವನ ಅಂಗಿ ನೆನೀತು. ನಾಲ್ಕು ಅಂಗಿ ಬದಲಾಯಿಸಿದ. ಒಂದು ಸಲವೂ ಮುಖ ಸಿಂಡರಿಸಲಿಲ್ಲ.

ಭಾನುವಾರ ಬೆಳಿಗ್ಗೆ ಒಂದು ತಪ್ಪಾಯ್ತು. ಹೊನ್ನಮ್ಮ ಒಗೆದು ಮಡಿಸಿಟ್ಟ ಪಂಚೆ ಮೇಲೆ ಮೂರು ಹಿಕ್ಕೆ. ಅವಳು ಪೊರಕೆ ಹಿಡ್ಕೊಂಡು ಬಂದ್ಲು. ಪುಟ್ಟಯ್ಯ ಮೊಲದ ಮುಂದೆ ನಿಂತ.

"ಅವ್ವ, ಅದಕ್ಕೆ ಬೈಬಾರ್ದಂತೆ. ಅದಕ್ಕಿರೋದೆಲ್ಲ ನನಗೆ ಬೈದುಬಿಡು."

ಬೈದ್ಲು. ಹೊನ್ನಮ್ಮ ಬೈಯೋಕೆ ನಿಂತರೆ ಬೀದಿ ನಾಯಿ ಕೂಡ ಎದ್ದು ಹೋಗುತ್ತೆ. ಅವನ ಅಪ್ಪನಿಂದ ಹಿಡಿದು ಸಂತೆಯವನ ತನಕ ಎಲ್ಲರನ್ನೂ ಬೈದ್ಲು. ಆರಡಿ ಆಳು ತಲೆ ತಗ್ಗಿಸ್ಕೊಂಡು ಎಲ್ಲ ಕೇಳಿಸ್ಕೊಂಡ. ಅವಳು ಉಸಿರು ತಗೊಳ್ಳೋಕೆ ನಿಲ್ಲಿಸಿದಾಗ, "ಮುಗೀತಾ ಅವ್ವ? ಇನ್ನೇನಾದ್ರೂ ಉಳಿದಿದ್ರೆ ಈಗಲೇ ಬೈದುಬಿಡು, ಮಂಗಳವಾರಕ್ಕೆ ಉಳಿಸ್ಕೋಬೇಡ" ಅಂದ. ಹೊನ್ನಮ್ಮ ಪೊರಕೆ ಬಿಸಾಕಿ ಗೋಡೆ ಕಡೆ ತಿರುಗಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. ನಮ್ಮನೆಯವರು ನಲವತ್ತು ವರ್ಷದಲ್ಲಿ ನನ್ನ ಪರವಾಗಿ ಒಂದು ಬೈಗುಳ ತಿಂದಿಲ್ಲ.

ಅವತ್ತು ಮಧ್ಯಾಹ್ನ ನೋಡಿ, ಅಮಲ್ದಾರ ಎದ್ದ. ಮೈ ಮುರಿದ. ನೆಟ್ಟಗೆ ಮೂಲೆಗೆ ಕುಪ್ಪಳಿಸ್ಕೊಂಡು ಹೋಗಿ, ಪೆಟ್ಟಿಗೆ ಹತ್ತಿ, ಹುಲ್ಲು ಮೇಯ್ತಾ ಕೂತು ತನ್ನ ಕೆಲಸ ಮುಗಿಸ್ಕೊಂಡು ಇಳಿದು ಬಂದ. ಯಾರೂ ಎತ್ತಲಿಲ್ಲ, ಯಾರೂ ಕೂರಿಸಲಿಲ್ಲ. ಏಳೂ ಲಟ್ಟಣಿಗೆ ನಿಂತುಹೋಯ್ತು. ಪುಟ್ಟಯ್ಯ ಕ್ಯಾರೆಟ್ ಕೊಟ್ಟ, ಬೆನ್ನು ಸವರಿದ, "ಶಹಬ್ಬಾಸ್, ಜಾಣ" ಅಂದ. ನನ್ನ ಇಬ್ಬರು ಮಕ್ಕಳಿಗೆ ಇದೇ ವಿದ್ಯೆ ಕಲಿಸೋಕೆ ನನಗೆ ಎರಡೆರಡು ವರ್ಷ ಹಿಡೀತು, ಇವನು ಎರಡೇ ದಿನದಲ್ಲಿ ಮೂಗ ಪ್ರಾಣಿಗೆ ಕಲಿಸಿದ. ಪೆದ್ದ ಅಂತೆ, ಪೆದ್ದ.

ಸೋಮವಾರ ಹೊನ್ನಮ್ಮ ಪೊರಕೆ ಕಡ್ಡಿ ಹಿಡ್ಕೊಂಡು ಮಂಚದ ಕೆಳಗೆ, ಒಲೆ ಹಿಂದೆ, ಚಾಪೆ ಸುರುಳಿ ಒಳಗೆ ಎಲ್ಲ ಕೆದಕಿದ್ಲು. ಒಂದೂ ಸಿಕ್ಕಲಿಲ್ಲ. ಆದರೂ ನಂಬಲಿಲ್ಲ. ಸಂತೆ ಬುಟ್ಟಿ ತಂದು ಬಾಗಿಲ ಪಕ್ಕ ಇಟ್ಟು, "ನಾಳೆ ಶೇಷಪ್ಪನೋರು ನೋಡಿ ಹೋಗಲಿ, ಆಮೇಲೆ ಮಾತು" ಅಂದ್ಲು. ಪುಟ್ಟಯ್ಯ ಆ ಬುಟ್ಟಿ ನೋಡ್ಕೊಂಡು ಅವತ್ತು ಸರಿಯಾಗಿ ಉಣ್ಣಲಿಲ್ಲ.

ಮಂಗಳವಾರ ಬೆಳಿಗ್ಗೆ ಶೇಷಪ್ಪನೋರು ಬಂದ್ರು. ಕುಳ್ಳಗೆ ಗುಂಡಗೆ ಇದ್ದರೂ ಗತ್ತು ದೊಡ್ಡದು. ಜರಿ ಅಂಚಿನ ಪಂಚೆ, ಹೆಗಲ ಮೇಲೆ ವಲ್ಲಿ. ಕಾಫಿ ಕಾಯಿಸೋಕೆ ಒಳಗೆ ಹೋಗೋ ಮುಂಚೆ ಹೊನ್ನಮ್ಮ ಮಗನನ್ನ ಬಾಗಿಲ ಮರೆಗೆ ಕರೆದು ಹೇಳಿದ್ಲು: "ಇವತ್ತು ಮಣೆ ಗಿಣೆ ಇಟ್ಟೀಯ ಜೋಕೆ. ದೊಡ್ಡೋರು ಅವರು. ನಿನ್ನ ಅಮಲ್ದಾರನ್ನ ಹೆಂಗೆ ನೋಡ್ಕೊಂಡ್ಯೋ ಹಂಗೇ ಅವರನ್ನೂ ನೋಡ್ಕೊ. ಅದಕ್ಕೆ ಮಾಡಿದ್ದರಲ್ಲಿ ಒಂದು ಎಳೆಯೂ ಕಮ್ಮಿ ಆಗಬಾರ್ದು."

"ಹೂಂ ಅವ್ವ, ಹಂಗೇ ಮಾಡ್ತೀನಿ."

ನಾನು ಅಲ್ಲೇ ಕೂತಿದ್ದೆ. ಕೇಳಿಸ್ಕೊಂಡೆ. ಆಗಲೇ ಎದ್ದು ತಡೀಬೇಕಿತ್ತು ನಾನು, ಬುದ್ಧಿ ಹೊಳೀಲಿಲ್ಲ.

ಪುಟ್ಟಯ್ಯ ಹೋಗಿ ಶೇಷಪ್ಪನೋರ ಎದುರಿಗೆ ಮಂಡಿ ಊರಿ ಕೂತು, ರೆಪ್ಪೆ ಹೊಡೀದೆ ನೋಡೋಕೆ ಶುರು ಮಾಡಿದ. ಕೈಗೆ ಸಿಕ್ಕೋ ಹಾಗೆ ಒಂದು ಹಿಡಿ ಹುಲ್ಲು ಇಟ್ಟ. ಅವರು ಹುಲ್ಲು ನೋಡಿದ್ರು, ಅವನನ್ನ ನೋಡಿದ್ರು. ಎದ್ದು ನೆಲಕ್ಕೆ ಬೆರಳು ತೀಡಿದ್ರು. ಮಂಚದ ಕೆಳಗೆ ಬಗ್ಗಿದ್ರು. ಪಂಚೆ ಕೊಡವಿದ್ರು. ಹಪ್ಪಳ ಬೆಳಕಿಗೆ ಹಿಡಿದ್ರು. ಅಷ್ಟರಲ್ಲಿ ಅಮಲ್ದಾರ ಅವರ ಕಾಲ ಪಕ್ಕದಲ್ಲೇ ಹಾದು, ಪೆಟ್ಟಿಗೆ ಹತ್ತಿ, ಕೆಲಸ ಮುಗಿಸಿ, ಇಳಿದು ಬಂತು. ಪುಟ್ಟಯ್ಯ ಕ್ಯಾರೆಟ್ ಕೊಟ್ಟು ಬೆನ್ನು ಸವರಿದ. ಶೇಷಪ್ಪನೋರು ಬಿಟ್ಟ ಬಾಯಿ ಮುಚ್ಚಲಿಲ್ಲ.

"ನಮ್ಮ ಅಡುಗೆಯವರಿಗೆ ಎಲೆ ಅಡಿಕೆ ಉಗೀಬೇಕಾದ ಜಾಗ ತೋರಿಸಿ ತೋರಿಸಿ ನಾನು ಸೋತೆ ಹೊನ್ನಮ್ಮ. ಇದು ಮೊಲ. ಹಪ್ಪಳ ನಿಮ್ಮ ಮನೇದೇ ನನಗೆ, ಬೇರೆ ಮಾತಿಲ್ಲ."

ಹೊನ್ನಮ್ಮನ ಮುಖ ಅರಳ್ತು. ಖುಷಿಗೆ ಒಂದಲ್ಲ ಎರಡು ಲೋಟ ಕಾಫಿ ಕೊಟ್ಲು, ಮೇಲೊಂದು ಚೊಂಬು ಮಜ್ಜಿಗೆ ಕೊಟ್ಲು. ಅಲ್ಲೇ ಆಗಿದ್ದು ಕಣ್ರಮ್ಮ. ಸ್ವಲ್ಪ ಹೊತ್ತಿಗೆ ಶೇಷಪ್ಪನೋರು ಎದ್ದು, ಹಿತ್ತಲ ಕಡೆ ಒಂದು ಸಲ ನೋಡಿ, ಪಂಚೆ ಹಿಂಬದಿ ತುದಿ ಒಂಚೂರು ಮೇಲಕ್ಕೆತ್ತಿದ್ರು.

ಪುಟ್ಟಯ್ಯ ನೋಡಿದ. ಬಾಲ ಎದ್ದಿತು.

ಹಾರಿ ಹೋಗಿ ಎರಡೂ ಕಂಕುಳಿಗೆ ಕೈ ಹಾಕಿ ಅವರನ್ನ ಎತ್ಕೊಂಡ. ಎದೆಗೆ ಅವುಚ್ಕೊಂಡು, ನಾವು ಏಳು ಜನ ಕೂತಿದ್ದ ನಡುವೆಯೇ, ಒಲೆ ದಾಟಿ, ತುಳಸಿ ಕಟ್ಟೆ ದಾಟಿ, ಹಿತ್ತಲ ಕಕ್ಕಸಿಗೆ ಹೊತ್ಕೊಂಡು ಹೋಗಿ ಕೂರಿಸಿ ಬಾಗಿಲು ಮುಚ್ಚಿದ. ಬಾಗಿಲ ಸಂದಿಯಿಂದ ಒಂದು ಹಿಡಿ ಹುಲ್ಲು ತಳ್ಳಿದ. ಆಮೇಲೆ ಮಂಡಿ ಊರಿ ಎದುರಿಗೆ ಕಾಯ್ತಾ ಕೂತ. ಹೊನ್ನಮ್ಮ ಲೋಟ ಹಿಡ್ಕೊಂಡು ನಿಂತಲ್ಲೇ ಕಲ್ಲಾದ್ಲು. ಅವಳ ಕಣ್ಣು ಬಾಗಿಲ ಪಕ್ಕದ ಬುಟ್ಟಿ ಕಡೆ ಹೋಯ್ತು. ಹೋಯ್ತು ಮೊಲ, ಹೋಯ್ತು ಹಪ್ಪಳ ಅಂತ ನಾವೆಲ್ಲ ಅನ್ಕೊಂಡ್ವಿ.

ತುಂಬ ಹೊತ್ತಾದ ಮೇಲೆ ಬಾಗಿಲು ತೆಗೀತು. ಶೇಷಪ್ಪನೋರು ಆಚೆ ಬಂದ್ರು, ಮುಖ ಕೆಂಪಗಿತ್ತು. ಬಾಯಿ ತೆಗೆದ್ರು ಬೈಯೋಕೆ. ಪುಟ್ಟಯ್ಯ ಅವರ ಕೈಗೆ ಒಂದು ಕ್ಯಾರೆಟ್ ಕೊಟ್ಟ. ಕತ್ತಿನಿಂದ ಸೊಂಟದ ತನಕ ನಿಧಾನಕ್ಕೆ ಬೆನ್ನು ಸವರಿದ.

"ಶಹಬ್ಬಾಸ್, ಜಾಣ."

ಶೇಷಪ್ಪನೋರು ಕೈಲಿದ್ದ ಕ್ಯಾರೆಟ್ ನೋಡಿದ್ರು. ಅವನ ಮುಖ ನೋಡಿದ್ರು. ಅದರಲ್ಲಿ ಕೊಂಕಿಲ್ಲ, ಕುಹಕ ಇಲ್ಲ, ಎಳೆ ಮಗು ಹೆಜ್ಜೆ ಇಟ್ಟಾಗ ತಾಯಿಗೆ ಆಗೋ ಸಂತೋಷ ಇತ್ತು. ಅವರ ಗತ್ತು ಇಳೀತು. ತುಳಸಿ ಕಟ್ಟೆ ಮೇಲೆ ಕೂತ್ಕೊಂಡ್ರು.

"ಮೂವತ್ತು ವರ್ಷದಿಂದ ಸಾವಿರಾರು ಎಲೆಗೆ ಬಡಿಸಿದ್ದೀನಿ ಹೊನ್ನಮ್ಮ" ಅಂದ್ರು. "ಪಾಯಸ ಮಾಡಿದಾಗ ಒಬ್ಬರೂ ಬೆನ್ನು ತಟ್ಟಲಿಲ್ಲ. ಕೊನೆಗೂ ಒಬ್ಬ ತಟ್ಟಿದ, ಅದೂ ಇದಕ್ಕೆ."

ಅಂದು ಜೋರಾಗಿ ನಕ್ಕರು. ಕಣ್ಣಲ್ಲಿ ನೀರು ಬರೋವರೆಗೆ ನಕ್ಕರು. ನಕ್ಕು ಕ್ಯಾರೆಟ್ ಕಚ್ಚಿದ್ರು. ಬೀದಿ ತುದಿ ತಿರುಗೋವರೆಗೂ ತಿಂತಾನೇ ಹೋದ್ರು.

ಬುಟ್ಟಿ ಅವತ್ತು ಸಂತೆಗೆ ಹೋಯ್ತು. ಮೊಲ ಹೋಗಲಿಲ್ಲ. ಹೊನ್ನಮ್ಮ ಬುಟ್ಟಿ ತುಂಬ ಕ್ಯಾರೆಟ್ ಹೊತ್ಕೊಂಡು ಬಂದ್ಲು. ತಂದು ಇಳಿಸಿ, ಸುಸ್ತಾಗಿ ಹಿತ್ತಲ ಕಕ್ಕಸಿಗೆ ಹೋದ್ಲು. ಮುಗಿಸಿ ಬಾಗಿಲು ತೆಗೆದ್ರೆ ಎದುರಿಗೆ ಪುಟ್ಟಯ್ಯ, ಕೈಲಿ ಒಂದು ಚೂರು ಕ್ಯಾರೆಟ್. ಅವ್ವನ ಬೆನ್ನು ಸವರಿದ. ಅವಳು ಬೈಯೋಕೆ ಬಾಯಿ ತೆಗೆದು, ಬೈಲಿಲ್ಲ. ಕ್ಯಾರೆಟ್ ಇಸ್ಕೊಂಡು ತಿಂದ್ಲು.

ನನ್ನ ಹಿಟ್ಟು ಮುಗೀತು ಕಣ್ರಮ್ಮ, ನಿಮ್ಮದೂ ಮುಗಿದಿರಬೇಕು. ಎದ್ದು ಹಿತ್ತಲಿಗೆ ಹೋಗಿ ಬರೋರು ಹೋಗಿ ಬನ್ನಿ. ಕ್ಯಾರೆಟ್ ನನ್ನ ಹತ್ರ ಇಲ್ಲ, ಬೆನ್ನು ಬೇಕಾದ್ರೆ ಸವರ್ತೀನಿ.